ಮೊಗ್ಗು ಮೋಸಹೋದ ಚಳಿಗಾಲ

ನವೆಂಬರ್ 6

ಗುಬ್ಬಿ ಹೋಗಿ ಇವತ್ತಿಗೆ ನಾಲ್ಕು ದಿನ.

ಅಳುತ್ತಾಳೆ, ನನ್ನ ಕೈ ಬಿಡುವುದಿಲ್ಲ ಎಂದುಕೊಂಡು ಹಿಂದಿನ ದಿನವೇ ನಾಲ್ಕಾರು ಸಮಾಧಾನದ ಮಾತು ಹೊಂದಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತೆಂಬ ಸಂಭ್ರಮದಲ್ಲಿ ನನ್ನ ಕಡೆ ನೋಡುವುದನ್ನೇ ಮರೆತಳು. ರೈಲು ಹೊರಟ ಮೇಲೆ ನೆನಪಾಗಿ ಕೈ ಬೀಸಿದಳು, ಅದೂ ನನ್ನ ಪಕ್ಕದಲ್ಲಿ ನಿಂತಿದ್ದ ಯಾರಿಗೋ ಬೀಸಿದ ಹಾಗಿತ್ತು. ಪ್ಲಾಟ್‌ಫಾರಂ ಮೇಲೆ ಅತ್ತವಳು ನಲವತ್ತೇಳು ವರ್ಷದ ನಾನು.

ಎರಡು ವರ್ಷದ ಕೂಸಾಗಿದ್ದಾಗ ನನ್ನ ಮಡಿಲಿಗೆ ಬಿದ್ದವಳಿಗೆ ಈಗ ಎಂಟು. ಹೆರಿಗೆಯಾದ ಮೇಲೆ ತಂಗಿಗೆ ಮನಸ್ಸಿನ ಕಾಯಿಲೆ ಹಿಡಿದು, ವಾಸಿಯಾಗದೆ ಎಳೆಯಿತು. ಅಪ್ಪ ಅನ್ನಿಸಿಕೊಂಡವನು ಅಷ್ಟರಲ್ಲೇ ಜಾಗ ಖಾಲಿ ಮಾಡಿದ್ದ. ಅವಳು ಆಸ್ಪತ್ರೆ ಸೇರಿದಳು, ಆಮೇಲೆ ಆಸ್ಪತ್ರೆಯವರದೇ ಒಂದು ಮನೆಯಲ್ಲಿದ್ದು ಹೊಲಿಗೆ ಕಲಿತಳು. ಈಗ ನಾಲ್ಕು ಗಂಟೆ ದೂರದ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಪರದೆ ಹೊಲಿಯುತ್ತಿದ್ದಾಳೆ. ಗುಣವಾಗಿದೆ ಎಂದರು ಡಾಕ್ಟರು. ಹಾಗಾದರೆ ಮಗು ತಾಯಿಯ ಹತ್ತಿರ ಇರಲಿ ಎಂದರು ಮಕ್ಕಳ ಕಲ್ಯಾಣ ಕಚೇರಿಯವರು. ಫೆಬ್ರವರಿಯಲ್ಲಿ ನನಗೊಂದು ಫಾರಂ ಕಳಿಸುತ್ತಾರಂತೆ. ಮಗು ಅಲ್ಲಿ ಹೇಗಿದೆ ಎಂದು ನಾನು ಬರೆಯಬೇಕು, ಅದನ್ನು ನೋಡಿಕೊಂಡು ಕೊನೆಯ ತೀರ್ಮಾನ.

ನ್ಯಾಯ ಅವಳ ಕಡೆಗಿದೆ, ನನಗೂ ಗೊತ್ತು. ಆದರೆ ಬೆಳಿಗ್ಗೆ ಏಳು ಗಂಟೆಗೆ ನನ್ನ ಮುಂದೆ ಬೆನ್ನು ತಿರುಗಿಸಿ ಕೂತು ಜಡೆ ಹಾಕಿಸಿಕೊಳ್ಳುವುದಕ್ಕೆ ನ್ಯಾಯಕ್ಕೆ ತಲೆ ಇಲ್ಲ.

ನವೆಂಬರ್ 19

ಕಡ್ಡಿ ಪರೀಕ್ಷೆ ಶುರುವಾಗಿದೆ, ಯಾವ ಮರ ಎಷ್ಟು ಚಳಿ ತಡೆಯುತ್ತದೆಂದು ನೋಡುವುದು. ಈ ಸಸ್ಯೋದ್ಯಾನದಲ್ಲಿ ಇದು ನನ್ನ ಹನ್ನೊಂದನೆಯ ಚಳಿಗಾಲ. ಹನ್ನೆರಡು ಮರಗಳಿಂದ ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಗಂಟೆಗೆ ಎರಡು ಡಿಗ್ರಿಯಂತೆ ಇಳಿಸುತ್ತಾ ಹೋಗುವುದು. ಸೊನ್ನೆಗಿಂತ ಮೂರು ಕೆಳಗಾದಾಗ ಒಂದು ಕಟ್ಟು ಹೊರಗೆ, ಐದಕ್ಕೆ ಇನ್ನೊಂದು, ಹೀಗೆ ಹನ್ನೊಂದರವರೆಗೆ. ಎರಡು ದಿನ ಬಿಟ್ಟು ಬ್ಲೇಡಿನಿಂದ ತೊಗಟೆ ಹೆರೆದು ನೋಡಿದರೆ, ಒಳಗೆ ಹಸಿರಿದ್ದದ್ದು ಬದುಕಿದೆ, ಕಂದು ತಿರುಗಿದ್ದು ಸತ್ತಿದೆ. ಅಂಜೂರ ಸದ್ಯಕ್ಕೆ ಮೂರಕ್ಕೇ ಸಾಯುತ್ತಿದೆ. ಇನ್ನೂ ಬೇಸಗೆಯ ಗುಂಗಿನಲ್ಲಿದೆ.

ನಮ್ಮದು ಹಿಮ ಬೀಳುವ ಊರಲ್ಲ. ಚಳಿಗಾಲದಲ್ಲಿ ಕೆಲವು ದಿನ ಬೆಳಗಿನ ಜಾವ ಬಕೆಟ್ಟಿನ ನೀರು ಗಟ್ಟಿಯಾಗುತ್ತದೆ, ಮಧ್ಯಾಹ್ನಕ್ಕೆ ಸ್ವೆಟರು ಕಳಚಬೇಕು. ಮಾಲಿಗಳ ಮೇಸ್ತ್ರಿ ಹೇಳುವುದು, ಗಟ್ಟಿ ಚಳಿಯ ಸೀಮೆಯ ಮರಗಳು ಪುಣ್ಯ ಮಾಡಿದವು, ಆರು ತಿಂಗಳು ಕಣ್ಣು ಮುಚ್ಚಿ ಮಲಗಿಬಿಡುತ್ತವೆ. ನಮ್ಮವುಗಳದ್ದು ಸಿಡುಕು ಅತ್ತೆಯ ಜೊತೆ ಬಾಳ್ವೆ, ಯಾವಾಗ ನಗು, ಯಾವಾಗ ಬೈಗುಳ, ಬ್ರಹ್ಮನಿಗೂ ತಿಳಿಯದು.

ಮೇಸ್ತ್ರಿಯ ಹತ್ತಿರ ಇವತ್ತು ಬೈಸಿಕೊಂಡೆ. ಈ ವರ್ಷ ನೆಟ್ಟ ಕಿತ್ತಳೆ ಸಸಿಗಳಿಗೆ ಚಳಿಯಾದೀತೆಂದು, ಯಾರನ್ನೂ ಕೇಳದೆ ಗೋಣಿ ಸುತ್ತಿದ್ದೆ. ಅವರು ಒಂದೊಂದೇ ಬಿಚ್ಚುತ್ತಾ ಬಂದರು. "ಈಗಲೇ ಹೊದಿಸಿದ್ರೆ ಇವು ಚಳಿ ಕಲಿಯೋದು ಯಾವಾಗ ಅಮ್ಮಾ? ದೊಡ್ಡ ಚಳಿ ಬಂದ ದಿನ ನಾನೇ ಹೊದಿಸ್ತೀನಿ, ನೀವು ಸುಮ್ಮನಿರಿ."

ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹೊಸಬರಿಗೆ ಪಾಠ ಹೇಳುವವಳೇ ನಾನು. ಹಗಲು ಕುಗ್ಗುವುದನ್ನು ಕಂಡು ಮರ ಬೆಳೆಯುವುದನ್ನು ನಿಲ್ಲಿಸುತ್ತದೆ. ಆಮೇಲೆ ಸಣ್ಣ ಸಣ್ಣ ಚಳಿ ತಿನ್ನುತ್ತಾ ಜೀವಕೋಶಗಳ ನೀರನ್ನು ಹೊರಗೆ ಬಿಟ್ಟು ಒಳಗೆ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ. ಮಂಜುಗಡ್ಡೆ ಕೋಶದ ಹೊರಗೆ ಕಟ್ಟಿದರೆ ತಡೆದುಕೊಳ್ಳುತ್ತದೆ, ಒಳಗೆ ಕಟ್ಟಿತೋ ಕಥೆ ಮುಗಿಯಿತು. ಇದನ್ನೆಲ್ಲ ಅರೆನಿದ್ದೆಯಲ್ಲೂ ಒಪ್ಪಿಸಬಲ್ಲೆ. ಆದರೂ ಗೋಣಿ ಸುತ್ತಿದ್ದೆ.

ನವೆಂಬರ್ 30

ಭಾನುವಾರದ ಫೋನು. ಗುಬ್ಬಿ ಹೊಸ ಶಾಲೆಯ ವಿಷಯ ಅರ್ಧ ಗಂಟೆ ಹೇಳಿದಳು. ಟೀಚರಿಗೆ ಮೀಸೆ ಇದೆಯಂತೆ, ಆದರೆ ಟೀಚರು ಹೆಂಗಸು. ನಕ್ಕು ನಕ್ಕು ಸಾಕಾಯಿತು.

ಒಂದು ಮಾತು ಗಮನಿಸಿದೆ. ತಾಯಿಯನ್ನು ಅವಳು "ಅಮ್ಮ" ಅನ್ನುತ್ತಿಲ್ಲ. "ಅವರು" ಅನ್ನುತ್ತಾಳೆ. "ಅವರು ಸಾರಿಗೆ ಉಪ್ಪು ಜಾಸ್ತಿ ಹಾಕ್ತಾರೆ, ದೊಡ್ಡಮ್ಮ."

ಫೋನು ಇಟ್ಟ ಮೇಲೆ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದೆ. ಯಾಕೆಂದು ಹೊಳೆದಾಗ ಬಾಯಿ ಮುಚ್ಚಿದೆ.

ಡಿಸೆಂಬರ್ 9

ಈಗ ದಿನಾ ಸಂಜೆ ಐದಕ್ಕೆ ಫೋನು ಮಾಡುತ್ತೇನೆ. ಆ ಹೊತ್ತಿಗೆ ತಂಗಿ ಪರದೆ ತಲುಪಿಸಲು ಹೋಗಿರುತ್ತಾಳೆ, ಗುಬ್ಬಿ ಕೆಳಗಿನ ಅಂಗಡಿಯವರ ಮನೆಯಲ್ಲಿರುತ್ತಾಳೆ. ಅಂಗಡಿಯ ಅಜ್ಜಿ ಕರೆದುಕೊಡುತ್ತಾರೆ. ನಿನ್ನ ಹಾಸಿಗೆ ಹಾಗೇ ಇದೆ, ದಿಂಬೂ ಸರಿಸಿಲ್ಲ ಎಂದೆ. ನೀನಿಲ್ಲದೆ ನನಗೆ ಊಟ ಸೇರುವುದಿಲ್ಲ ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ಡಿಸೆಂಬರ್ 14

ತಂಗಿಯದ್ದೇ ಫೋನು ಬಂತು. ದನಿ ಮೆಲ್ಲಗಿತ್ತು, ಕಾಗದದಲ್ಲಿ ಬರೆದಿಟ್ಟುಕೊಂಡು ಓದುವವರ ಹಾಗೆ. ದಿನಾ ಮಾಡಬೇಡ, ಭಾನುವಾರ ಮಾತ್ರ ಮಾಡು, ನಿನ್ನ ಫೋನು ಬಂದ ದಿನ ಮಗು ಊಟ ಮಾಡುವುದಿಲ್ಲ, ನನ್ನ ಜೊತೆ ಮಾತೂ ಆಡುವುದಿಲ್ಲ ಎಂದಳು.

ಆರು ವರ್ಷ ನಾನು ಬೇಕಾಗಿದ್ದೆ, ಈಗ ಐದು ನಿಮಿಷದ ಫೋನೂ ಭಾರವಾಯಿತೇ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಾಯಿಲೆ ಮರುಕಳಿಸಿದರೆ ಮಗುವಿನ ಗತಿಯೇನು ಎಂದೂ ಕೇಳಿಬಿಟ್ಟೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ, "ಇಡ್ತೀನಿ ಅಕ್ಕ" ಎಂದಳು.

ತಾನೂ ಬೆಳೆಸಿದವಳಲ್ಲ, ಬೆಳೆಸಿದವಳ ಕಷ್ಟವೂ ಗೊತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸಾಕಿದವರಿಗೆ ಏನು ಮುದ್ದು ಎಂದು ಗಾದೆ ಕಟ್ಟಿದವರು ಹೇಳಲೇ ಇಲ್ಲ.

ಡಿಸೆಂಬರ್ 28

ಅಂಜೂರ ಎಂಟರವರೆಗೆ ತಡೆಯಿತು. ದಾಳಿಂಬೆ ಒಂಬತ್ತು. ಪೀಚಿನ ಕಡ್ಡಿ ಹನ್ನೊಂದಕ್ಕೂ ಹಸಿರು.

ಭಾನುವಾರದ ಫೋನು ಏಳು ನಿಮಿಷ.

ಜನವರಿ 13

ಆರು ದಿನದಿಂದ ಬೇಸಗೆಯಂಥ ಬಿಸಿಲು. ಉದ್ಯಾನಕ್ಕೆ ಬರುವವರೆಲ್ಲ ಹೊಗಳುತ್ತಿದ್ದಾರೆ, ಬೆಂಚುಗಳ ಮೇಲೆ ಜಾಗವಿಲ್ಲ. ಮೇಸ್ತ್ರಿ ಒಬ್ಬರೇ ಮುಖ ಗಂಟಿಕ್ಕಿಕೊಂಡು ತಿರುಗುತ್ತಿದ್ದಾರೆ. ಪೀಚಿನ ಮೊಗ್ಗು ಉಬ್ಬಿದೆ. ತುದಿಯಲ್ಲಿ ಗುಲಾಬಿ ಬಣ್ಣ ಇಣುಕುತ್ತಿದೆ.

ಪೀಚಿಗೆ ಇಷ್ಟು ಗಂಟೆಯ ಚಳಿ ಬೇಕೆಂಬ ಲೆಕ್ಕವಿದೆ. ಅದು ತುಂಬಿಬಿಟ್ಟರೆ ಆಮೇಲೆ ಬಿಸಿಲು ಕರೆದ ಕೂಡಲೇ ಓಗೊಡುತ್ತದೆ, ಕರೆದವರು ಯಾರೆಂದು ನೋಡುವುದಿಲ್ಲ. ಇವತ್ತು ಹೆರೆದು ನೋಡಿದ ಕಡ್ಡಿಗಳಲ್ಲಿ ಅಂಜೂರ ಮತ್ತೆ ಐದಕ್ಕೆ ಇಳಿದಿದೆ. ಎಂಟು ವಾರ ಕಲಿತದ್ದನ್ನು ಆರು ದಿನದಲ್ಲಿ ಮರೆತಿದೆ. ಹಿಪ್ಪುನೇರಳೆ ಮಾತ್ರ ಅಲ್ಲಾಡಿಲ್ಲ. ಓಕ್ ಕೂಡ. ಅವಕ್ಕೆ ಬಿಸಿಲು ಸಾಲದು, ಹಗಲೂ ಉದ್ದವಾಗಬೇಕು.

ಜನವರಿ 15

ಮಧ್ಯಾಹ್ನ ಕೆಲಸದಲ್ಲಿದ್ದಾಗ ಅಂಗಡಿಯ ಅಜ್ಜಿಯ ನಂಬರಿನಿಂದ ಫೋನು. ಗುಬ್ಬಿ ಪಿಸುದನಿಯಲ್ಲಿ, "ದೊಡ್ಡಮ್ಮ, ಬಂದು ಕರ್ಕೊಂಡ್ ಹೋಗು. ನಾನು ಬ್ಯಾಗ್ ತುಂಬಿಟ್ಟಿದೀನಿ."

ಏನಾಯಿತು, ಬೈದಳಾ, ಹೊಡೆದಳಾ ಎಂದು ಕೇಳಿದೆ. ಇಲ್ಲ ಎಂದಳು. ಮತ್ತೆ ಯಾಕೆ ಎನ್ನುವಷ್ಟರಲ್ಲಿ ಫೋನು ಕಡಿದುಹೋಯಿತು.

ಶನಿವಾರ ಹೋಗುತ್ತೇನೆ. ಫಾರಂ ಇನ್ನೂ ಬಂದಿಲ್ಲ, ಆದರೆ ಬರೆಯಬೇಕಾದ್ದನ್ನು ಬಿಡಿ ಹಾಳೆಯಲ್ಲಿ ಬರೆದಿಟ್ಟೆ. "ಮಗು ಅಲ್ಲಿ ಸುಖವಾಗಿಲ್ಲ. ಹಿಂದಿರುಗಲು ತಾನಾಗಿಯೇ ಬೇಡುತ್ತಿದೆ." ಎರಡೇ ಸಾಲು. ಗುಬ್ಬಿಯ ಹೊದಿಕೆಗಳನ್ನು ಬಿಸಿಲಿಗೆ ಹಾಕಿದೆ.

ಜನವರಿ 17

ಬರೆಯದೆ ಮಲಗಲಾರೆ, ಅದಕ್ಕೇ ರೈಲಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಮನೆ ದಿನಸಿ ಅಂಗಡಿಯ ಮೇಲೆ. ಎರಡು ಕೋಣೆ. ಮುಂದಿನ ಕೋಣೆಯ ತುಂಬ ಪರದೆ ಬಟ್ಟೆ, ಕಿಟಕಿ ಹತ್ತಿರ ಯಂತ್ರ. ನಾನು ಕೊಳಕು ಹುಡುಕುವ ಕಣ್ಣಿನಿಂದಲೇ ಒಳಗೆ ಹೋದೆ, ಬಚ್ಚಿಡುವುದೇನು. ಸಿಗಲಿಲ್ಲ. ಮಾತ್ರೆಯ ಡಬ್ಬಿಯಲ್ಲಿ ವಾರದ ಏಳು ಖಾನೆ, ನಿನ್ನೆಯವರೆಗೆ ಸರಿಯಾಗಿ ಖಾಲಿ. ಗೋಡೆಗೆ ಶಾಲೆಯ ವೇಳಾಪಟ್ಟಿ ಅಂಟಿಸಿದೆ, ಕೆಳಗೆ ತಂಗಿಯ ದುಂಡು ಅಕ್ಷರದಲ್ಲಿ ಗುಬ್ಬಿಯ ಬಗ್ಗೆ ಒಂದು ಪಟ್ಟಿ: ಹಾಲಿನ ಕೆನೆ ತೆಗೆಯಬೇಕು. ಮಲಗುವಾಗ ಬಾಗಿಲು ಅರ್ಧ ತೆರೆದಿಡಬೇಕು. ಕುಕ್ಕರು ಕೂಗುವ ಮುಂಚೆ ಹೇಳಬೇಕು.

ಇದನ್ನೆಲ್ಲ ನಾನು ಯಾವತ್ತೂ ಬರೆದುಕೊಟ್ಟಿರಲಿಲ್ಲ. ಬಟ್ಟೆ, ಪುಸ್ತಕ, ಔಷಧಿ, ಎಲ್ಲ ಕಟ್ಟಿ ಕಳಿಸಿದೆ, ಇದೊಂದನ್ನು ಬಿಟ್ಟು. ಮರೆತೆ ಎಂದುಕೊಂಡಿದ್ದೆ.

ಗುಬ್ಬಿ ಶನಿವಾರದ ಅರ್ಧ ದಿನದ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ತಂಗಿ ಚಹಾ ಕೊಟ್ಟಳು. ಬಂದ ಕಾರಣ ಕೇಳಲಿಲ್ಲ, ಅಜ್ಜಿ ಹೇಳಿರಬೇಕು. ಕೊನೆಗೆ ನಾನೇ, ಆ ಮನೆಯಲ್ಲಿ ಗುಬ್ಬಿಯಿಲ್ಲದೆ ನನಗೆ ಉಸಿರು ಕಟ್ಟುತ್ತದೆ, ನಿನಗೆ ಅರ್ಥವಾಗುವುದಿಲ್ಲ ಎಂದೆ.

ಅವಳು ಬಟ್ಟೆಯ ಅಂಚು ಮಡಿಸುತ್ತಲೇ ಇದ್ದಳು. "ಅಕ್ಕ, ಎರಡೂವರೆ ತಿಂಗಳಿಗೆ ನಿನಗೆ ಹೀಗಾಗಿದೆ. ನನಗೆ ಆರು ವರ್ಷ ಆಗಿತ್ತು."

ಕೋಪದಿಂದ ಹೇಳಿದ್ದರೆ ತಿರುಗಿಸಿ ಹೇಳುವುದಕ್ಕೆ ನನ್ನ ಹತ್ತಿರವೂ ಇತ್ತು. ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದಳು. ಆಸ್ಪತ್ರೆಯಲ್ಲಿದ್ದಾಗ ಸಂಜೆ ಮಗುವಿನ ಫೋಟೋ ನೋಡಲು ಕೊಡಿ ಎಂದು ಕೇಳುತ್ತಿದ್ದಳಂತೆ. ನೋಡಿದರೆ ಅಳುತ್ತಾಳೆಂದು ಮೊದಲ ವರ್ಷ ಕೊಡಲಿಲ್ಲವಂತೆ. ನಾನು ವರ್ಷಕ್ಕೊಮ್ಮೆ ಫೋಟೋ ಕಳಿಸುತ್ತಿದ್ದೆ. ವರ್ಷಕ್ಕೊಮ್ಮೆ. ತಿಂಗಳಿಗೊಮ್ಮೆ ಕಳಿಸಬೇಡ ಎಂದು ನನ್ನ ಕೈ ಹಿಡಿದವರು ಯಾರು?

ಅಷ್ಟರಲ್ಲಿ ಗುಬ್ಬಿ ಮೆಟ್ಟಿಲು ಹತ್ತಿ ಬಂದಳು. ಎತ್ತರವಾಗಿದ್ದಾಳೆ. ನನ್ನ ಸೊಂಟಕ್ಕೆ ಜೋತುಬಿದ್ದು, ಮರುಕ್ಷಣವೇ ಮಂಚದ ಕೆಳಗಿನಿಂದ ಬ್ಯಾಗು ಎಳೆದು ತಂದಳು. "ಹೋಗೋಣ್ವಾ?"

ತಂಗಿ ಯಂತ್ರದ ಮುಂದೆ ಕೂತಲ್ಲೇ ಕೂತಿದ್ದಳು. ದಾರ ಪೋಣಿಸಲು ನೋಡಿದಳು, ಸೂಜಿಯ ಕಣ್ಣು ಸಿಗಲಿಲ್ಲ.

ಏನೇನು ತುಂಬಿದ್ದಾಳೆ ನೋಡೋಣ ಎಂದು ಬ್ಯಾಗು ತೆರೆದೆ. ಹೊತ್ತು ಕಳೆಯಲು ಬೇರೆ ಉಪಾಯ ತೋಚಲಿಲ್ಲ. ಎರಡು ಫ್ರಾಕು, ಹಲ್ಲುಜ್ಜುವ ಬ್ರಷ್ಷು, ಗಣಿತದ ಪುಸ್ತಕ, ಒಂದೇ ಒಂದು ಕಾಲುಚೀಲ. ತಳದಲ್ಲಿ ಸುರುಳಿ ಸುತ್ತಿದ ಹೊಲಿಗೆಯ ಅಳತೆ ಟೇಪು.

ಇದು ಯಾಕೆ ಎಂದು ಕೇಳಿದೆ.

ಗುಬ್ಬಿ ತಾಯಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. "ಅಲ್ಲಿಗೆ ಬಂದ್ಮೇಲೆ ಇವರ ನೆನಪಾದ್ರೆ ಬೇಕಲ್ಲ."

ಹಾಗಿದ್ದ ಮೇಲೆ ಬರುವುದಾದರೂ ಯಾಕೆ ಎಂದೆ. ಅದಕ್ಕೆ ದನಿ ಎತ್ತಿಯೇ ಹೇಳಿದಳು, ಇಷ್ಟು ಗೊತ್ತಾಗುವುದಿಲ್ಲವೇ ಎಂಬಂತೆ. "ನಾನಿಲ್ದೆ ನಿಂಗೆ ಊಟ ಸೇರಲ್ಲ ಅಂದ್ಯಲ್ಲ ದೊಡ್ಡಮ್ಮ. ಸತ್ತು ಹೋಗ್ಬಿಟ್ರೆ?"

ಎಂಟು ವರ್ಷದ ಮಗು. ಒಂದು ತಿಂಗಳಿನಿಂದ ನನ್ನ ಊಟದ ಚಿಂತೆ ಹೊತ್ತುಕೊಂಡು, ತನ್ನ ತಟ್ಟೆ ಸರಿಸುತ್ತಿದೆ.

ನಾನು ಸುಳ್ಳು ಹೇಳಿದೆ. ಈಗ ಚೆನ್ನಾಗಿ ಉಣ್ಣುತ್ತಿದ್ದೇನೆ, ಬೇಕಾದರೆ ಈಗಲೇ ನೋಡು ಎಂದು ತಟ್ಟೆ ಹಾಕಿಸಿಕೊಂಡು ಅನ್ನ ಸಾರು ಎರಡು ಸಲ ಬಡಿಸಿಕೊಂಡೆ. ಉಪ್ಪು ನಿಜವಾಗಿಯೂ ಜಾಸ್ತಿ. ಗುಬ್ಬಿ ಎದುರಿಗೆ ಕೂತು ಒಂದೊಂದು ತುತ್ತನ್ನೂ ಎಣಿಸಿದಳು. ಮೂರನೆಯ ಸಲ ಬಡಿಸಲು ಬಂದಾಗ ತಂಗಿಗೆ ನಗು ತಡೆಯಲಾಗಲಿಲ್ಲ. ಚಿಕ್ಕವಳಿದ್ದಾಗ ನಗುವಾಗ ಮೂಗು ಸುಕ್ಕಾಗುತ್ತಿತ್ತು, ಈಗಲೂ ಹಾಗೇ.

"ನೀನು ಇಲ್ಲೇ ಇರು ಕಂದ. ನಾನು ಬರ್ತಾ ಹೋಗ್ತಾ ಇರ್ತೀನಿ" ಎಂದೆ. ಗುಬ್ಬಿ ಸ್ವಲ್ಪ ಹೊತ್ತು ನನ್ನನ್ನು ಅಳೆದು ನೋಡಿ, ಬ್ಯಾಗಿನಿಂದ ಗಣಿತದ ಪುಸ್ತಕ ತೆಗೆದಳು.

ಚಿಕ್ಕವಳಿದ್ದಾಗ ತಂಗಿಯನ್ನು ಪುಟ್ಟಿ ಎನ್ನುತ್ತಿದ್ದೆ; ಹೊರಡುವ ಮೊದಲು ಪುಟ್ಟಿಗೆ ಜಡೆ ಹಾಕುವುದು ಹೇಳಿಕೊಟ್ಟೆ. ಎಳೆದರೆ ಗುಬ್ಬಿ ಕಿರುಚುತ್ತಾಳೆ, ಬುಡದಲ್ಲಿ ಒಂದು ಕೈ ಒತ್ತಿ ಹಿಡಿಯಬೇಕು, ಅಷ್ಟೇ ಗುಟ್ಟು. ಅಷ್ಟು ಸಣ್ಣ ಗುಟ್ಟು ಹೇಳುವುದಕ್ಕೆ ನನಗೆ ಯಾಕೆ ಅಷ್ಟು ಕಷ್ಟವಾಯಿತೋ. ಪುಟ್ಟಿ ಬೇಗ ಕಲಿತಳು, ಹೊಲಿಯುವ ಕೈಯಲ್ಲವೇ.

ರೈಲಿನ ಪಯಣ ಇನ್ನೂ ಒಂದು ಗಂಟೆ ಇದೆ. ಎದುರಿನ ಸೀಟಿನವರು ಕಣ್ಣಿಗೆ ಏನಾದರೂ ಬಿತ್ತಾ ಎಂದು ಕೇಳಿದರು. ಹೌದು ಎಂದೆ.

ಜನವರಿ 23

ಬೆಳಗಿನ ಜಾವ ಸೊನ್ನೆಗಿಂತ ಐದು ಕೆಳಗೆ. ಏಳು ಗಂಟೆಗೆ ಹೋಗುವಷ್ಟರಲ್ಲಿ ಪೀಚಿನ ಕೆಳಗೆ ಮೇಸ್ತ್ರಿ ಸುಮ್ಮನೆ ನಿಂತಿದ್ದರು. ಅರಳಿದ್ದ ಹೂವೆಲ್ಲ ಬೇಯಿಸಿದ ಹಾಗೆ ಕಂದು. ಬ್ಲೇಡಿನಿಂದ ನೂರು ಮೊಗ್ಗು ಸೀಳಿ ನೋಡಿದೆ, ಎಪ್ಪತ್ತೊಂದರ ನಡುವೆ ಕಪ್ಪು ಚುಕ್ಕೆ. ಇಪ್ಪತ್ತೊಂಬತ್ತು ಹಸಿರು. ಬಿಸಿಲು ಕರೆದಾಗ ಹಿಂದೆ ಉಳಿದಿದ್ದ ಸಣ್ಣ ಮೊಗ್ಗುಗಳು ಅವು.

ಅಂಜೂರದ ತುದಿ ಸುಟ್ಟಿದೆ, ಬುಡ ಗಟ್ಟಿ. ಕಿತ್ತಳೆ ಸಸಿಗಳಿಗೆ ಮೇಸ್ತ್ರಿ ನಿನ್ನೆ ಸಂಜೆ ತಾವೇ ಗೋಣಿ ಸುತ್ತಿದ್ದರು. ಎಲೆ ಮುದುರಿವೆ, ಆದರೆ ಎಲ್ಲವೂ ಬದುಕಿವೆ. ಅವರೇ, "ಈ ವರ್ಷ ಹಣ್ಣು ಕಮ್ಮಿ, ಮರಕ್ಕೆ ಏನೂ ಆಗಿಲ್ಲ" ಎಂದು ಚಹಾ ಕುಡಿಯಲು ಕರೆದರು.

ಫೆಬ್ರವರಿ 10

ಫಾರಂ ಬಂತು. ನಾಲ್ಕು ಪುಟ. ಹಿಂದೆ ಬರೆದಿಟ್ಟಿದ್ದ ಹಾಳೆಯನ್ನು ಹುಡುಕಿ ಒಲೆಗೆ ಹಾಕಿದೆ.

"ಮಗು ಹಿಂದಿನ ಮನೆಯನ್ನು ನೆನೆಸಿಕೊಳ್ಳುತ್ತದೆಯೇ?" ಎಂಬ ಪ್ರಶ್ನೆಗೆ ಹೌದು ಎಂದು ಬರೆದೆ. "ತಾಯಿಯ ಆರೈಕೆಯ ಬಗ್ಗೆ ನಿಮ್ಮ ಅಭಿಪ್ರಾಯ" ಎಂದಿದ್ದ ಕಡೆ ಕೊಟ್ಟಿದ್ದ ಜಾಗ ಸಾಲಲಿಲ್ಲ, ಹಿಂಬದಿಯಲ್ಲೂ ಬರೆದೆ. ಗೋಡೆಯ ಮೇಲಿನ ಪಟ್ಟಿಯ ವಿಷಯ ಬರೆದೆ. ಕೊನೆಯಲ್ಲಿ "ಮಗು ಅಲ್ಲಿಯೇ ಇರಬೇಕು" ಎಂದು ಬರೆದಾಗ, "ಇರಬೇಕು" ಎಂಬಲ್ಲಿ ಮಸಿ ಕಲೆಯಾಯಿತು. ಹೊಡೆದುಹಾಕಿದ್ದೇನೆ ಎಂದು ತಿಳಿದಾರೆಂದು ಪಕ್ಕದಲ್ಲಿ ಇನ್ನೊಮ್ಮೆ ಬರೆದೆ.

ಅಂಚೆ ಡಬ್ಬಿಗೆ ಹಾಕಿದ ಮೇಲೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಉದ್ಯಾನಕ್ಕೆ ಎರಡು ಸುತ್ತು ಬಂದೆ.

ಮಾರ್ಚ್ 1

ಪುಟ್ಟಿಗೆ ಈ ವಾರದ ಮೊದಲಲ್ಲಿ ಎರಡು ದಿನ ನಿದ್ದೆ ಸರಿಯಿರಲಿಲ್ಲವಂತೆ. ತಾನಾಗಿಯೇ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಸರಿಮಾಡಿಸಿಕೊಂಡು ಬಂದಳು. ನನಗೂ ಹೇಳಬೇಕು ಅನ್ನಿಸಿತಂತೆ, ಹೇಳಿದಳು. ಬುಧವಾರ, ಗುರುವಾರ ರಜೆ ಹಾಕಿ ಹೋಗಿ ಬಂದೆ. ಈಗ ಚೆನ್ನಾಗಿದ್ದಾಳೆ. ಗುಬ್ಬಿಯ ಪರೀಕ್ಷೆ ಮುಂದಿನ ವಾರ.

ಅಕ್ರೋಟದ ಕೊಂಬೆ ಕತ್ತರಿಸಿದರೆ ನೀರು ತೊಟ್ಟಿಕ್ಕುತ್ತಿದೆ. ಚಳಿಯಲ್ಲಿ ಒಳಗಿನ ನೀರಿನ ಎಳೆಗಳು ಗುಳ್ಳೆ ಬಿದ್ದು ತುಂಡಾಗಿರುತ್ತವೆ. ಎಲೆ ಬರುವ ಮುಂಚೆ ಮರ ಅವನ್ನು ಮತ್ತೆ ತುಂಬಿಕೊಳ್ಳುತ್ತದೆ.

ಮಾರ್ಚ್ 22

ಶುಕ್ರವಾರ ಇಬ್ಬರೂ ಬಂದರು, ಇವತ್ತು ಮಧ್ಯಾಹ್ನದ ರೈಲಿಗೆ ಹೋದರು.

ಕಚೇರಿಯ ಆದೇಶ ಬಂದಿದೆ, ಪುಟ್ಟಿ ತಂದು ತೋರಿಸಿದಳು. ನನ್ನ ಹೆಸರಿನ ಮುಂದೆ "ಹಿಂದಿನ ಪಾಲಕರು" ಎಂದಿದೆ. ಎರಡು ಸಲ ಓದಿ ಮಡಿಸಿ ಕೊಟ್ಟೆ.

ನಿನ್ನೆ ಅವರಿಗೆ ಮರಗಳನ್ನು ತೋರಿಸಿದೆ. ಇಷ್ಟು ವರ್ಷ ನಾನೇನು ಕೆಲಸ ಮಾಡುತ್ತೇನೆಂದು ಪುಟ್ಟಿಗೆ ಗೊತ್ತೇ ಇರಲಿಲ್ಲ, ನಾನೂ ಹೇಳಿರಲಿಲ್ಲ. ಗುಬ್ಬಿ ಮೇಸ್ತ್ರಿಯ ಹಿಂದೆ ಓಡಿದಳು. ನಾವು ಅಕ್ಕತಂಗಿ ನಿಧಾನವಾಗಿ ನಡೆದೆವು. ಸುತ್ತಲೂ ಚಿಗುರು, ಹಿಪ್ಪುನೇರಳೆ ಮಾತ್ರ ಬೋಳು. ಪುಟ್ಟಿ ಅದರ ತೊಗಟೆ ಮುಟ್ಟಿ ನೋಡಿದಳು.

"ಇದು ಸತ್ತಿದ್ಯಾ ಅಕ್ಕ?"

"ಇಲ್ಲ. ಇದಕ್ಕಿನ್ನೂ ನಂಬಿಕೆ ಬಂದಿಲ್ಲ."

"ಬರುತ್ತಾ?"

ಇನ್ನು ಎರಡು ವಾರ ಎಂದೆ. ಅವಳು ಕೈ ತೆಗೆಯದೆ ಅಲ್ಲೇ ನಿಂತಿದ್ದಳು. ನನಗೂ ಹೊರಡುವ ಅವಸರವಿರಲಿಲ್ಲ.

ಇವತ್ತು ಬೆಳಿಗ್ಗೆ ಜಡೆ ಹಾಕಿದ್ದು ಪುಟ್ಟಿ. ಬೈತಲೆ ಸೊಟ್ಟಗಿತ್ತು. ನಾನು ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡಿದೆ. ಗುಬ್ಬಿ ಕಿರುಚಲಿಲ್ಲ. "ಅಮ್ಮ, ರಬ್ಬರ್‌ಬ್ಯಾಂಡ್ ಬಿಗಿಯಾಯ್ತು" ಎಂದಳು, ಅಷ್ಟೇ. ಪುಟ್ಟಿಯ ಕೈ ಒಂದು ಕ್ಷಣ ನಿಂತಿತು. ನನ್ನ ಕಡೆ ನೋಡಿದಳು. ನಾನು ಚಹಾ ಉಕ್ಕುತ್ತಿದೆ ಎಂದು ಒಳಗೆ ಹೋದೆ. ಉಕ್ಕುತ್ತಿರಲಿಲ್ಲ.

ಸ್ಟೇಷನ್ನಿನಿಂದ ನಡೆದೇ ಬಂದೆ. ಹಾಸಿಗೆಗಳನ್ನು ಮಡಿಸಿದೆ, ಲೋಟ ತೊಳೆದಿಟ್ಟೆ. ಕಿಟಕಿ ತೆರೆದೆ, ಮತ್ತೆ ಮುಚ್ಚಿದೆ. ಮಾಡುವುದಕ್ಕೇನೂ ಉಳಿದಿಲ್ಲ. ಮನೆ ಇಬ್ಬರಷ್ಟು ಖಾಲಿಯಾಗಿದೆ.